ವಸುಧಾರೆಯ ಹನಿ

ಬದರಿಯಾತ್ರೆ ಮುಗಿಸಿ ಬಂದವನನ್ನು ನಮ್ಮ ಜನ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. "ದರ್ಶನ ಚೆನ್ನಾಗಿ ಆಯಿತೆ?" ಎಂಬುದು ಮೊದಲನೆಯದು, "ಅಲ್ಲಿ ಊಟಕ್ಕೆ ಅನ್ನ ಸಿಕ್ಕುತ್ತದೆಯೆ?" ಎಂಬುದು ಎರಡನೆಯದು. ೨೦೨೩ರ ಅಕ್ಟೋಬರಿನಲ್ಲಿ ತಾಯಿಯವರನ್ನು ಕರೆದುಕೊಂಡು ಬದರಿಗೆ ಹೋಗಿ ಬಂದ ಮೇಲೆ ಈ ಎರಡಕ್ಕೂ ಉತ್ತರ ಹೇಳಿ ಹೇಳಿ ಅವು ನನಗೆ ಬಾಯಿಪಾಠವಾಗಿದ್ದುವು. ಒಂದು ದಿನ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಭೌತಶಾಸ್ತ್ರದ ಹಿರಿಯ ಮಿತ್ರರೊಬ್ಬರು ಕಾಫಿಯ ಲೋಟವನ್ನು ಕೆಳಗಿಟ್ಟು ಮೂರನೆಯದೊಂದು ಪ್ರಶ್ನೆಯನ್ನೆತ್ತಿದರು: "ಅಲ್ಲೊಂದು ಜಲಪಾತವಿದೆಯಂತಲ್ಲ, ವಸುಧಾರೆಯೋ ಏನೋ? ಪಾಪಿಗಳ ಮೇಲೆ ಅದರ ಹನಿ ಬೀಳುವುದಿಲ್ಲವಂತೆ. ನಿಮ್ಮ ಮೇಲೆ ಬಿದ್ದಿತೋ ಇಲ್ಲವೋ?"

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹಾಜರಿ ಪುಸ್ತಕವನ್ನೆತ್ತಿಕೊಂಡು ತರಗತಿಗೆ ಹೊರಟುಬಿಟ್ಟೆ. ಅಂದು ತಪ್ಪಿಸಿಕೊಂಡ ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನಗೆ ಈ ಪುಟವೇ ಬೇಕು. ಬರೆಯಲು ನಮ್ಮ ತಾಯಿಯವರೂ ಒಪ್ಪಿದ್ದಾರೆ. ಆದುದರಿಂದ ಈ ವಾರ ವಾಚಕರು ನನ್ನೊಡನೆ ವಸುಧಾರೆಯವರೆಗೆ ನಡೆದು ಬರಬೇಕು.

ಹೃಷೀಕೇಶದಿಂದ ಬದರೀನಾಥಕ್ಕೆ ಸುಮಾರು ೩೦೦ ಕಿಲೋಮೀಟರು. ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರನ್ನು ಪಡೆಯುತ್ತವೆ. ಅಲ್ಲಿಂದ ಮೇಲಕ್ಕೆ ಅಲಕನಂದೆಯ ದಂಡೆಯನ್ನೇ ಹಿಡಿದು ಹೋಗಬೇಕು. ರುದ್ರಪ್ರಯಾಗದಲ್ಲಿ ಮಂದಾಕಿನಿ, ಕರ್ಣಪ್ರಯಾಗದಲ್ಲಿ ಪಿಂಡಾರ, ನಂದಪ್ರಯಾಗದಲ್ಲಿ ನಂದಾಕಿನಿ, ವಿಷ್ಣುಪ್ರಯಾಗದಲ್ಲಿ ಧೌಳಿಗಂಗೆ—ಹೀಗೆ ಒಂದೊಂದು ನದಿ ಬಂದು ಕೂಡುವ ಕಡೆ ಒಂದೊಂದು ಪ್ರಯಾಗ. ನಮ್ಮ ತಂದೆಯವರು ಈ ಐದು ಹೆಸರುಗಳನ್ನೂ ಕ್ರಮ ತಪ್ಪದೆ ಹೇಳುತ್ತಿದ್ದರು. ಪ್ರಾಥಮಿಕ ಶಾಲೆಯ ಮೇಷ್ಟರಾಗಿ ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವರು. ತಾವು ಮಾತ್ರ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೋದವರಲ್ಲ. ೨೦೨೧ರ ಮಾಘಮಾಸದಲ್ಲಿ ಅವರು ತೀರಿಕೊಂಡರು. ಬದರಿಯ ಬ್ರಹ್ಮಕಪಾಲದಲ್ಲಿ ಅವರಿಗೆ ಪಿಂಡ ಹಾಕಬೇಕೆಂಬುದು ತಾಯಿಯವರ ಸಂಕಲ್ಪ. ಮಕ್ಕಳ ಶಾಲೆಯಿದ್ದುದರಿಂದ ನನ್ನ ಹೆಂಡತಿ ಊರಿನಲ್ಲೇ ಉಳಿದಳು. ಪಿತೃಪಕ್ಷವನ್ನೇ ಆರಿಸಿಕೊಂಡು ತಾಯಿ ಮಗ ಇಬ್ಬರೇ ಹೊರಟೆವು.

ಶ್ರೀನಗರವನ್ನು ದಾಟಿ ರುದ್ರಪ್ರಯಾಗವನ್ನು ಮುಟ್ಟುವುದಕ್ಕೆ ಮುಂಚೆ ಸಿರೋಬಗಡವೆಂಬ ಒಂದು ಸ್ಥಳವಿದೆ. ಗುಡ್ಡದಿಂದ ಕಲ್ಲುಮಣ್ಣು ಉರುಳಿ ರಸ್ತೆ ಕಟ್ಟಿಹೋಗುವುದಕ್ಕೆ ಹೆಸರುವಾಸಿಯಾದ ಸ್ಥಳ. ನಮ್ಮ ಬಸ್ಸು ಅಲ್ಲಿಗೆ ಬರುವ ಹೊತ್ತಿಗೆ ಮುಂದೆ ವಾಹನಗಳ ಸಾಲೇ ನಿಂತಿತ್ತು. ಮೇಲಿನಿಂದ ಸಣ್ಣ ಸಣ್ಣ ಕಲ್ಲುಗಳು ಇನ್ನೂ ಉರುಳುತ್ತಲೇ ಇದ್ದುವು. ಮೂರು ಗಂಟೆಗಳ ಕಾಲ ಬಸ್ಸಿನಲ್ಲೇ ಕುಳಿತೆವು. ತಾಯಿಯವರು ಕಿಟಕಿಯಿಂದ ಆ ಕಲ್ಲುರಾಶಿಯನ್ನು ಬಹಳ ಹೊತ್ತು ನೋಡಿ, "ಗುಡ್ಡ ಕುಸಿದು ದಾರಿ ಮುಚ್ಚೋದು ಅಂದರೆ ಇದೇ ಏನಪ್ಪಾ?" ಎಂದು ಕೇಳಿದರು. ನಾನು ಹೌದೆಂದೆ, ಹೌದೆಂದು ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮರುದಿನ ಜೋಶಿಮಠ. ಅದೇ ವರ್ಷದ ಜನವರಿಯಲ್ಲಿ ಈ ಊರಿನ ನೂರಾರು ಮನೆಗಳ ಗೋಡೆಗಳು ಸೀಳಿಹೋಗಿ ಜನ ಮನೆ ಬಿಟ್ಟು ಹೊರಬಿದ್ದ ಸುದ್ದಿಯನ್ನು ವಾಚಕರು ಓದಿರಬಹುದು. ವಾಸಕ್ಕೆ ಯೋಗ್ಯವಲ್ಲವೆಂದು ತೀರ್ಮಾನವಾದ ಮನೆಗಳ ಮೇಲೆ ಅಧಿಕಾರಿಗಳು ಕೆಂಪು ಬಣ್ಣದ ಗುರುತು ಹಾಕಿದ್ದರು. ಹಿಂದೆಂದೋ ಕುಸಿದು ಬಂದ ಮಣ್ಣಿನ ರಾಶಿಯ ಮೇಲೆಯೇ ಊರು ನಿಂತಿದೆ, ಅದರ ಮೇಲೆ ಭಾರ ಹೇರಬಾರದು ಎಂದು ಸರ್ಕಾರವೇ ನೇಮಿಸಿದ ಸಮಿತಿಯೊಂದು ೧೯೭೬ರಲ್ಲಿಯೇ ಎಚ್ಚರಿಸಿತ್ತು. ಎಚ್ಚರಿಕೆಯನ್ನು ಕೇಳಿ ಮುಂದಿನ ವರ್ಷ ನೋಡೋಣವೆನ್ನುವುದು ಸರ್ಕಾರಗಳಿಗೆ ಮಾತ್ರ ಇರುವ ಅಭ್ಯಾಸವಲ್ಲ.

ಬದರಿ ಹತ್ತು ಸಾವಿರ ಅಡಿಗೂ ಎತ್ತರದ ಊರು. ತಪ್ತಕುಂಡದ ಸುಡುನೀರಿನ ಸ್ನಾನ, ದೇವರ ದರ್ಶನ, ಕೇರಳದಿಂದ ಬಂದು ಇಲ್ಲಿ ಪೂಜೆ ಮಾಡುವ ರಾವಲರು—ಇವುಗಳನ್ನು ಕುರಿತು ಬಹಳ ಮಂದಿ ಬರೆದಿದ್ದಾರೆ. ನಾನು ಮತ್ತೆ ಬರೆಯುವುದಿಲ್ಲ. ಬ್ರಹ್ಮಕಪಾಲದಲ್ಲಿ ಪಿಂಡ ಹಾಕಿದರೆ ಬೇರೆಲ್ಲಿಯೂ ಹಾಕಬೇಕಾದುದಿಲ್ಲವೆಂಬ ನಂಬಿಕೆಯಿದೆ. ಅಲಕನಂದೆಯ ದಡದ ಆ ಕಲ್ಲುಹಾಸಿನ ಮೇಲೆ ಕುಳಿತು, ಚಳಿಗೆ ಮರಗಟ್ಟಿದ ಬೆರಳುಗಳಿಂದ ಅನ್ನದ ಉಂಡೆ ಕಟ್ಟಿ, ತಂದೆಯ ಹೆಸರನ್ನೂ ಗೋತ್ರವನ್ನೂ ಹೇಳಿದೆ. ಪುರೋಹಿತರು ಎಲ್ಲವನ್ನೂ ಕ್ರಮವಾಗಿ ಮಾಡಿಸಿದರು. ಎದ್ದಾಗ ಭಾರವಿಳಿದಿರಬೇಕಾಗಿತ್ತು, ಇಳಿದಿರಲಿಲ್ಲ.

ಆ ಸಂಜೆ ಧರ್ಮಶಾಲೆಯಲ್ಲಿ ರಾಜಸ್ಥಾನದ ಕಡೆಯ ಒಬ್ಬ ವೃದ್ಧೆ ನಮ್ಮ ಪಕ್ಕದ ಹಾಸಿಗೆಯವರು. ಅಂದು ಬೆಳಗ್ಗೆ ಅವರು ತಮ್ಮ ಮಕ್ಕಳೊಡನೆ ವಸುಧಾರೆಗೆ ಹೋಗಿ ಬಂದಿದ್ದರು. ಅಷ್ಟವಸುಗಳು ತಪಸ್ಸು ಮಾಡಿದ ಸ್ಥಳವದು, ಕಪಟವುಳ್ಳವರ ಮೇಲೆ ಆ ಧಾರೆಯ ಒಂದು ಹನಿಯೂ ಬೀಳುವುದಿಲ್ಲ, ತಮ್ಮ ಮೇಲೆ ಬಿತ್ತು ಎಂದು ಬಹು ಸಂತೋಷದಿಂದ ಹೇಳಿದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ, ಸ್ವಲ್ಪ ಹಾಸ್ಯವನ್ನೂ ಬೆರೆಸಿ, ತಾಯಿಯವರಿಗೆ ಹೇಳಿದೆ. ಅವರು ತಲೆಗೆ ಸುತ್ತಿಕೊಂಡಿದ್ದ ಕಂದುಬಣ್ಣದ ಮಫ್ಲರನ್ನು ಬಿಚ್ಚಿ ಮಡಿಸುತ್ತಿದ್ದವರು ಕೈಯನ್ನು ನಿಲ್ಲಿಸಿದರು. "ಒಂದು ಹನಿಯೂ ಬೀಳೋದಿಲ್ಲವೆ?" ಎಂದರು. "ಹಾಗೆನ್ನುತ್ತಾರೆ" ಎಂದೆ. ಅವರು ಮತ್ತೇನೂ ಮಾತನಾಡಲಿಲ್ಲ.

ಮರುದಿನ ಬೆಳಗ್ಗೆ ಮಾಣಾ ಗ್ರಾಮಕ್ಕೆ ಹೋದೆವು. ಬದರಿಯಿಂದ ಮೂರು ಕಿಲೋಮೀಟರು. ಅಲ್ಲಿಯವರೆಗೂ ವಾಹನ ಹೋಗುತ್ತದೆ. ಹಿಂದೆ ಇಲ್ಲಿ "ಭಾರತದ ಕೊನೆಯ ಹಳ್ಳಿ" ಎಂಬ ಫಲಕವಿತ್ತು. ೨೦೨೩ರಲ್ಲಿ ಅದನ್ನು "ಭಾರತದ ಮೊದಲ ಹಳ್ಳಿ" ಎಂದು ಬದಲಾಯಿಸಿದ್ದಾರೆ. ಹಳ್ಳಿ ಇದ್ದಲ್ಲೇ ಇದೆ. ಎಣಿಸುವವನು ನಿಂತ ಜಾಗ ಬದಲಾಯಿತು, ಅಷ್ಟೆ. ಇಲ್ಲಿಯ ಭೋಟಿಯಾ ಜನ ಒಂದು ಕಾಲದಲ್ಲಿ ೧೮,೦೦೦ ಅಡಿಗೂ ಎತ್ತರದ ಮಾಣಾ ಕಣಿವೆಯನ್ನು ದಾಟಿ ಟಿಬೆಟ್ಟಿನೊಡನೆ ಉಪ್ಪು ಉಣ್ಣೆಗಳ ವ್ಯಾಪಾರ ನಡೆಸುತ್ತಿದ್ದವರು. ೧೯೬೨ರ ಯುದ್ಧ ಆ ದಾರಿಯನ್ನು ಮುಚ್ಚಿತು. ಈಗ ಬೇಸಗೆಯಲ್ಲಿ ಇಲ್ಲಿದ್ದು, ಆಲೂಗಡ್ಡೆ ಬೆಳೆದು, ಉಣ್ಣೆ ಹೆಣೆದು ಯಾತ್ರಿಕರಿಗೆ ಮಾರಿ, ಹಿಮ ಬೀಳುವುದಕ್ಕೆ ಮುಂಚೆ ಊರಿಗೆ ಊರೇ ಕೆಳಗಿನ ಕಣಿವೆಗಳಿಗೆ ಇಳಿದುಹೋಗುತ್ತದೆ.

ಮಾಣಾದಿಂದ ವಸುಧಾರೆಗೆ ಐದು ಕಿಲೋಮೀಟರು, ಕಾಲುದಾರಿಯೇ ಗತಿ. ತಾಯಿಯವರಿಗೆ ಅರವತ್ತಾರು ವರ್ಷ, ಮಂಡಿನೋವು ಬೇರೆ. ಕಂಡಿಯೆಂಬ ಬುಟ್ಟಿಯಲ್ಲಿ ಯಾತ್ರಿಕರನ್ನು ಕೂಡಿಸಿಕೊಂಡು ಬೆನ್ನಿನ ಮೇಲೆ ಹೊತ್ತೊಯ್ಯುವ ಒಬ್ಬನನ್ನು ಗೊತ್ತು ಮಾಡಿದೆ. ತಾಯಿಯವರು ಆ ಬುಟ್ಟಿಯನ್ನೂ ಅದನ್ನು ಹೊರುವವನ ಸಣ್ಣ ಮೈಯನ್ನೂ ನೋಡಿ, "ಇನ್ನೊಬ್ಬರ ಮಗನ ಬೆನ್ನ ಮೇಲೆ ಕೂತು ನಾನು ಪುಣ್ಯ ಸಂಪಾದಿಸಬೇಕೇನಪ್ಪಾ? ಬೇಡ. ನೀನು ಹೋಗಿ ಬಾ" ಎಂದರು. ಅವರಿಗೆ ಬರುವ ಮನಸ್ಸೇ ಇಲ್ಲವೆಂಬುದು ಆಗ ನನಗೆ ಹೊಳೆಯಲಿಲ್ಲ, ಮಂಡಿಯೇ ಕಾರಣವೆಂದುಕೊಂಡೆ. ಒಂದು ಮನೆಯ ಜಗಲಿಯ ಮೇಲೆ ಅವರದೇ ವಯಸ್ಸಿನ ಒಬ್ಬ ಹೆಂಗಸು ಉಣ್ಣೆ ಹೆಣೆಯುತ್ತ ಕುಳಿತಿದ್ದಳು. ಸನ್ನೆಯಿಂದಲೇ ಪಕ್ಕದಲ್ಲಿ ಜಾಗ ತೋರಿಸಿದಳು. ಒಬ್ಬರಿಗೆ ಕನ್ನಡವಲ್ಲದೆ ಬೇರೆ ಬಾರದು, ಇನ್ನೊಬ್ಬರಿಗೆ ಕನ್ನಡವೆಂಬ ಭಾಷೆಯುಂಟೆಂಬುದೇ ತಿಳಿಯದು. ಆದರೂ ನಾನು ತಿರುವಿನಲ್ಲಿ ಹಿಂದಿರುಗಿ ನೋಡುವಷ್ಟರಲ್ಲಿ ಇಬ್ಬರೂ ಏನನ್ನೋ ಮಾತನಾಡುತ್ತಿದ್ದರು.

ಮಾಣಾದ ಹುಡುಗನೊಬ್ಬ ದಾರಿ ತೋರಿಸಲು ಜತೆಗೆ ಬಂದ. ಊರಿನ ಅಂಚಿನಲ್ಲೇ ವ್ಯಾಸಗುಹೆ. ಅದರ ಮೇಲಿನ ಬಂಡೆ ಪದರ ಪದರವಾಗಿ ತಾಳೆಗರಿಯ ಕಟ್ಟಿನಂತೆ ಕಾಣುತ್ತದೆ. ವ್ಯಾಸರ ಪುಸ್ತಕವೇ ಕಲ್ಲಾಯಿತೆಂದು ಜನ ಹೇಳುತ್ತಾರೆ. ಅಲ್ಲಿಂದ ಇಳಿದರೆ ಭೀಮಪುಲ್. ಬಂಡೆಗಳ ಸೀಳಿನಿಂದ ಸರಸ್ವತಿ ನದಿ ಕಿವಿ ಕಿವುಡಾಗುವಂತೆ ಆರ್ಭಟಿಸಿ ಹೊರಬೀಳುತ್ತದೆ. ಅದರ ಮೇಲೆ ಅಡ್ಡಲಾಗಿ ಒಂದು ಹೆಬ್ಬಂಡೆ. ದ್ರೌಪದಿ ದಾಟಲೆಂದು ಭೀಮಸೇನ ಎತ್ತಿಟ್ಟದ್ದಂತೆ. ಕೂಗಳತೆಯ ದೂರದಲ್ಲೇ, ಕೇಶವಪ್ರಯಾಗದಲ್ಲಿ, ಆ ಸರಸ್ವತಿ ಅಲಕನಂದೆಯನ್ನು ಸೇರಿ ತನ್ನ ಹೆಸರನ್ನು ಕಳೆದುಕೊಳ್ಳುತ್ತಾಳೆ.

ಪಾಂಡವರ ಮಹಾಪ್ರಸ್ಥಾನ ಈ ದಾರಿಯಲ್ಲೇ ನಡೆಯಿತೆಂಬುದು ಇಲ್ಲಿಯ ಜನರ ನಂಬಿಕೆ. ಕನ್ನಡದ ಅಧ್ಯಾಪಕನಾದ ನನಗೆ ನಡೆಯುತ್ತ ನಡೆಯುತ್ತ ಒಂದು ವಿಷಯ ನೆನಪಿಗೆ ಬಂದಿತು. ಪಂಪ ತನ್ನ ಕಾವ್ಯವನ್ನು ಅರ್ಜುನನ ಪಟ್ಟಾಭಿಷೇಕಕ್ಕೆ ಮುಗಿಸಿದ. ಕುಮಾರವ್ಯಾಸ ಹತ್ತು ಪರ್ವಗಳನ್ನು ಹಾಡಿ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕನ್ನಡಿಸುವ ಕೆಲಸ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯ ಪಾಲಿಗೆ ಬಂದಿತು. ನಮ್ಮ ಇಬ್ಬರು ಮಹಾಕವಿಗಳೂ ಈ ದಾರಿಗೆ ಕಾಲಿಡಲಿಲ್ಲ. ಗೆದ್ದವರ ಕಥೆಯನ್ನು ಹೇಳಿದಷ್ಟು ಸುಲಭವಾಗಿ, ಗೆದ್ದ ಮೇಲೆ ಒಬ್ಬೊಬ್ಬರಾಗಿ ಬೀಳುವವರ ಕಥೆಯನ್ನು ಹೇಳಲಾಗುವುದಿಲ್ಲವೇನೊ! ಮೊದಲು ದ್ರೌಪದಿ ಬಿದ್ದಳು. ಬಳಿಕ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಕಾರಣವನ್ನು ಕೇಳುತ್ತಾನೆ. ಧರ್ಮರಾಯ ಹಿಂದಿರುಗಿ ನೋಡದೆ ಅವರವರ ದೋಷವನ್ನು ಹೇಳುತ್ತಾನೆ. ಇವಳಿಗೆ ಅರ್ಜುನನಲ್ಲಿ ಪಕ್ಷಪಾತ, ಇವನಿಗೆ ಜಾಣತನದ ಗರ್ವ, ಇವನಿಗೆ ರೂಪದ ಗರ್ವ! ಬೇರೆಯವರ ದೋಷಗಳ ಪಟ್ಟಿ ಅವನ ನಾಲಗೆಯ ತುದಿಯಲ್ಲೇ ಇದ್ದಿತು.

ಕನ್ನಡ ನಾಡಿನವರಿಗೆ ಈ ಕಣಿವೆಯ ಇನ್ನೊಂದು ನೆನಪೂ ಉಂಟು. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಬದರಿಗೆ ಬಂದು, ಅಲ್ಲಿಂದ ವ್ಯಾಸರ ಆಶ್ರಮವನ್ನರಸಿ ಒಬ್ಬರೇ ಮೇಲಕ್ಕೆ ಹೊರಟ ಕಥೆಯನ್ನು ನಾರಾಯಣ ಪಂಡಿತಾಚಾರ್ಯರ 'ಸುಮಧ್ವವಿಜಯ' ಹೇಳುತ್ತದೆ. ಗುರುವನ್ನು ಬಿಟ್ಟಿರಲಾರದೆ ಸತ್ಯತೀರ್ಥರೆಂಬ ಶಿಷ್ಯರು ಹಿಂದೆಯೇ ಓಡಿದರಂತೆ. ಗುರುಗಳು ತಿರುಗಿ ನೋಡಿ ಕೈಸನ್ನೆ ಮಾಡಿ ಅವರನ್ನು ಬದರಿಗೆ ಕಳುಹಿಸಿಬಿಟ್ಟರಂತೆ. ಉಡುಪಿಯ ಕಡಲತೀರದಿಂದ ಕಾಲ್ನಡಿಗೆಯಲ್ಲಿ ಇಲ್ಲಿಯವರೆಗೆ ಬಂದು, ಇನ್ನೇನು ನಾಲ್ಕು ಹೆಜ್ಜೆಯಿದೆಯೆನ್ನುವಾಗ ಹಿಂದಿರುಗಬೇಕಾಗಿ ಬಂದ ಆ ಶಿಷ್ಯನ ಮನಸ್ಸು ಹೇಗಿದ್ದಿರಬೇಕು! ಬದರಿಯ ಹೆಸರು ಹೇಳುತ್ತಲೇ ಮುದುಕರಾಗಿ, ಹೊರಡದೆಯೇ ಹೋದವರ ಮನಸ್ಸು ಹೇಗಿದ್ದಿರಬೇಕು!

ದಾರಿಯ ಮೊದಲ ಭಾಗದಲ್ಲಿ ಕಲ್ಲುಹಾಸು ಇದೆ; ಆಮೇಲೆ ಏರು, ಉರುಳುಕಲ್ಲು. ಎಡಗಡೆ ಆಳದಲ್ಲಿ ಅಲಕನಂದೆ, ಎದುರಿಗೆ ಹಿಮದ ಶಿಖರಗಳು. ಅಲಕನಂದೆಗೆ ಮೂಲವಾದ ಸತೋಪಂಥ, ಭಗೀರಥ ಖರಕ್ ಎಂಬ ಹಿಮನದಿಗಳು ಆ ದಿಕ್ಕಿನಲ್ಲೇ ಇವೆ. ಸತೋಪಂಥವೆಂದರೆ ಸತ್ಯದ ದಾರಿಯೆಂದು ಹುಡುಗ ಅರ್ಥ ಹೇಳಿದ. ಹನ್ನೆರಡು ಸಾವಿರ ಅಡಿಯ ಸುಮಾರಿನಲ್ಲಿ ಒಂದು ಉಸಿರಿಗೆ ಸಿಕ್ಕುವ ಪ್ರಾಣವಾಯು ನಮ್ಮ ಕಡಲತೀರದಲ್ಲಿ ಸಿಕ್ಕುವುದರ ಮೂರನೆಯ ಎರಡು ಪಾಲು ಮಾತ್ರ. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತಿತ್ತು. ಹಾಗೆ ನಿಂತಾಗ ಮಾತನಾಡಲು ಉಸಿರಿರುವುದಿಲ್ಲ, ಓದಲು ಏನೂ ಇರುವುದಿಲ್ಲ. ಮನುಷ್ಯನಿಗೆ ತನ್ನ ವಿಷಯವನ್ನು ಯೋಚಿಸದೆ ವಿಧಿಯೇ ಇರುವುದಿಲ್ಲ.

ಎರಡೂವರೆ ಗಂಟೆಯ ನಡಿಗೆಯ ಬಳಿಕ ವಸುಧಾರೆ ಕಾಣಿಸಿತು. ನಾನು ಜೋಗವನ್ನು ನೋಡಿದವನು. ಸುಮಾರು ೮೩೦ ಅಡಿ ಎತ್ತರದಿಂದ ಶರಾವತಿ ಧುಮುಕುವುದನ್ನು ಮಳೆಗಾಲದಲ್ಲಿ ಕಂಡವನಿಗೆ ಬೇರೆ ಜಲಪಾತಗಳು ಸಣ್ಣವಾಗಿಯೇ ತೋರುತ್ತವೆ. ವಸುಧಾರೆಯ ಎತ್ತರ ಸುಮಾರು ೪೦೦ ಅಡಿ ಎನ್ನುತ್ತಾರೆ, ನೀರೂ ಕಡಿಮೆ. ಆದರೆ ಜೋಗದಲ್ಲಿ ನಾವು ದೂರದಲ್ಲಿ ನಿಂತು ನೋಡುವವರು. ಇಲ್ಲಿ ಧಾರೆಯ ಬುಡಕ್ಕೇ ಹೋಗಬಹುದು. ಮರವಿಲ್ಲದ, ಹಕ್ಕಿಯ ದನಿಯೂ ಇಲ್ಲದ ಬೋಳು ಬೆಟ್ಟದ ನೆತ್ತಿಯಿಂದ ಬಿಳಿಯ ನೂಲಿನಂತೆ ನೀರು ಹೊರಡುತ್ತದೆ. ನಡುದಾರಿಯಲ್ಲೇ ನೂಲು ಬಿಚ್ಚಿ ಹತ್ತಿಯಾಗುತ್ತದೆ. ಕೆಳಗೆ ಬರುವ ಹೊತ್ತಿಗೆ ಬರಿಯ ಹೊಗೆ. ಗಾಳಿ ಬೀಸಿದರೆ ಇಡೀ ಧಾರೆಯೇ ತೂಗಿ ಪಕ್ಕಕ್ಕೆ ಸರಿಯುತ್ತದೆ. ಬಿಸಿಲು ಬಿದ್ದ ಕಡೆ ಮಳೆಬಿಲ್ಲಿನ ತುಂಡೊಂದು ಮೂಡಿ ಮಾಯವಾಗುತ್ತಿತ್ತು.

ನಮಗಿಂತ ಮುಂಚೆ ಬಂದವರು ಏಳೆಂಟು ಮಂದಿ ಅಲ್ಲಿದ್ದರು. ಹನಿ ಬಿದ್ದಾಗಲೆಲ್ಲ ಅವರು ಕೈಯೆತ್ತಿ ಜಯಕಾರ ಹಾಕುತ್ತಿದ್ದರು. ನಾನು ನಗುತ್ತಲೇ ಹೋಗಿ ಅವರ ಪಕ್ಕದಲ್ಲಿ ನಿಂತೆ. ಗಾಳಿ ತಿರುಗಿ ಹನಿಯೆಲ್ಲ ಎಡಕ್ಕೆ ಹೋಯಿತು. ಹುಡುಗನ ಟೋಪಿ ತೋಯ್ದಿತು. ನನ್ನ ಮೇಲೆ ಬೀಳಲಿಲ್ಲ. ಎಡಕ್ಕೆ ಸರಿದೆ, ಧಾರೆ ಬಲಕ್ಕೆ ವಾಲಿತು. ಎರಡು ಬಂಡೆ ಹತ್ತಿ ಇನ್ನೂ ಹತ್ತಿರಕ್ಕೆ ಹೋದೆ; ನೀರು ಮೇಲಕ್ಕೇ ಹಾರಿಹೋಯಿತು. ಹೀಗೆ ಎಷ್ಟು ಹೊತ್ತು ಓಡಾಡಿದೆನೋ! ಒಮ್ಮೆ ಕಾಲು ಜಾರಿ ಕೈಯೂರಿ ಕುಳಿತಾಗ ನನಗೆ ನಾಚಿಕೆಯಾಯಿತು. ನಂಬಿಕೆಯಿಲ್ಲದವನು ಹನಿಯ ಹಿಂದೆ ಏಕೆ ಹೀಗೆ ಓಡಾಡಬೇಕು?

ಇದರ ಕಾರಣಗಳು ನನಗೆ ಗೊತ್ತಿಲ್ಲದಿರಲಿಲ್ಲ. ತೆಳುವಾದ ನೀರು ಇಷ್ಟು ಎತ್ತರದಿಂದ ಬೀಳುವಾಗ ಒಡೆದು ಹನಿಯಾಗುತ್ತದೆ. ಸಣ್ಣ ಹನಿಯನ್ನು ಗಾಳಿ ತಡೆಯುತ್ತದೆ. ಅದು ಒಂದು ಮಿತಿಗಿಂತ ವೇಗವಾಗಿ ಬೀಳಲಾರದು, ಆದ್ದರಿಂದ ಗಾಳಿ ಎಳೆದ ಕಡೆಗೆ ಹೋಗುತ್ತದೆ. ಹಗಲಿನ ಬಿಸಿಲಿಗೆ ಬೆಟ್ಟದ ಇಳಿಜಾರುಗಳು ಕಾದಂತೆ ಕಣಿವೆಯ ಗಾಳಿ ಮೇಲಕ್ಕೆ ಏಳುತ್ತದೆ. ಬಂಡೆಗಳ ಮೂಲೆಗಳಲ್ಲಿ ಅದು ಯಾವ ಕ್ಷಣಕ್ಕೆ ಎತ್ತ ತಿರುಗುವುದೆಂದು ಹೇಳಲಾಗದು. ಇದರಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಇಷ್ಟೆಲ್ಲವನ್ನೂ ನನಗೆ ನಾನೇ ಹೇಳಿಕೊಂಡೆ. ಸಮಾಧಾನವಾಗಲಿಲ್ಲ. ಏಕೆಂದರೆ ಆ ಹೊತ್ತಿಗೆ ಧಾರೆ ಕೇಳುವುದಕ್ಕೆ ಮೊದಲೇ ನನ್ನ ಮನಸ್ಸು ಉತ್ತರ ಹೇಳಿಬಿಟ್ಟಿತ್ತು.

೨೦೧೯ರ ಬೇಸಗೆಯಲ್ಲಿ ನಮ್ಮ ತಂದೆಯವರು, ಎಂದೂ ಏನನ್ನೂ ಕೇಳದವರು, ಒಂದು ಸಂಜೆ ನನ್ನ ಕೊಠಡಿಗೆ ಬಂದು, "ಈ ಸಲ ರಜದಲ್ಲಿ ಬದರಿಗೆ ಹೋಗಿಬರೋಣವೆ?" ಎಂದು ಕೇಳಿದರು. ಪೇಟೆಗೆ ಹೋಗಿ ಒಂದು ಕಂದುಬಣ್ಣದ ಮಫ್ಲರನ್ನೂ ಕೊಂಡುತಂದಿದ್ದರು. ನಾನು ಆಗತಾನೆ ಸಾಲ ಮಾಡಿ ನಿವೇಶನ ಕೊಂಡಿದ್ದೆ. ರಜದಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದರೆ ನಾಲ್ಕು ಕಾಸು ಕೈಗೆ ಬರುತ್ತಿತ್ತು. ಹಣವಿಲ್ಲವೆಂದು ಹೇಳಲು ಅಭಿಮಾನ ಅಡ್ಡಬಂದಿತು. ಹೊತ್ತಿಲ್ಲವೆಂದು ಹೇಳಲು ಧೈರ್ಯ ಸಾಲಲಿಲ್ಲ. "ಗುಡ್ಡ ಕುಸಿದು ದಾರಿ ಮುಚ್ಚಿದೆಯಂತೆ ಅಪ್ಪಾ, ಪತ್ರಿಕೆಯಲ್ಲಿ ಬಂದಿದೆ" ಎಂದುಬಿಟ್ಟೆ. ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಅವರು ಒಂದು ಗಳಿಗೆ ಸುಮ್ಮನಿದ್ದು, "ಹಾಗಾದರೆ ಮುಂದಿನ ವರ್ಷ ನೋಡೋಣ" ಎಂದು ಹೊರಟುಹೋದರು. ಮಫ್ಲರು ಪೆಟ್ಟಿಗೆ ಸೇರಿತು. ಮುಂದಿನ ವರ್ಷ ೨೦೨೦. ಆ ಬೇಸಗೆಯಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಹೊರಗಿನ ಯಾತ್ರಿಕರಿಗೆ ಬದರಿಯ ದಾರಿ ನಿಜವಾಗಿಯೇ ಮುಚ್ಚಿತು. ಅದರ ಮುಂದಿನ ಬೇಸಗೆಗೆ ಅವರೇ ಇರಲಿಲ್ಲ.

ಧರ್ಮರಾಯನ ಕಥೆಯ ಕೊನೆಯ ಭಾಗ ನನಗೆ ಆ ಬಂಡೆಯ ಮೇಲೆ ಕುಳಿತು ನೆನಪಾಯಿತು. ಎಲ್ಲರ ದೋಷಗಳನ್ನೂ ಹೇಳಿ, ನಾಯಿಯನ್ನೂ ಬಿಡದೆ ಸ್ವರ್ಗದ ಬಾಗಿಲವರೆಗೆ ನಡೆದ ಆ ಪುಣ್ಯಾತ್ಮನೂ ಒಮ್ಮೆ ನರಕವನ್ನು ನೋಡಬೇಕಾಯಿತು. ಅಶ್ವತ್ಥಾಮ ಸತ್ತನೆಂಬ ಮಾತಿನಿಂದ ದ್ರೋಣನನ್ನು ವಂಚಿಸಿದುದಕ್ಕೆ ಆ ಪ್ರಾಯಶ್ಚಿತ್ತ. ಅವನ ಮಾತಿನಲ್ಲಾದರೂ ಅರ್ಧ ಸತ್ಯವಿದ್ದಿತು. ಒಂದು ಆನೆಯಾದರೂ ಸತ್ತಿತ್ತು. ನನ್ನ ಮಾತಿನಲ್ಲಿ ಒಂದು ಗುಡ್ಡವೂ ಕುಸಿದಿರಲಿಲ್ಲ.

ಇನ್ನು ಸಾಕೆಂದು ಎದ್ದು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದೆ. ಗಾಳಿ ನಿಂತಿತೋ, ತಿರುಗಿತೋ, ಹಿಂದಿನಿಂದ ಒಂದು ಕೊಡ ನೀರನ್ನು ಯಾರೋ ಎರಚಿದಂತೆ ಬಲಗಡೆಯ ತೋಳೆಲ್ಲ ತೋಯ್ದುಹೋಯಿತು. ಮಂಜಿನ ನೀರು, ಮೂಳೆಯವರೆಗೆ ಚಳಿ ಇಳಿಯಿತು. ಹುಡುಗ ಚಪ್ಪಾಳೆ ತಟ್ಟಿ ನಕ್ಕ. ನನಗೆ ಸಂತೋಷವೇನೂ ಆಗಲಿಲ್ಲ. ನಿರ್ದೋಷಿಯೆಂದು ಬಿಡುಗಡೆಯಾದಂತೆ ಅನ್ನಿಸಲಿಲ್ಲ. ನೆಂದೆನೆಂದು ಮಾತ್ರ ಅನ್ನಿಸಿತು.

ಮಾಣಾಕ್ಕೆ ಹಿಂದಿರುಗಿದಾಗ ಮಧ್ಯಾಹ್ನ ಕಳೆದಿತ್ತು. ತಾಯಿಯವರು ಅದೇ ಜಗಲಿಯ ಮೇಲೆ ಇದ್ದರು. ಆ ಹೆಂಗಸಿನ ತೊಡೆಯ ಮೇಲೆ ನಮ್ಮ ಮಫ್ಲರು. ನಾಲ್ಕು ವರ್ಷ ಪೆಟ್ಟಿಗೆಯಲ್ಲಿದ್ದ ಅದಕ್ಕೆ ಹುಳು ಹಿಡಿದು ಒಂದೆಡೆ ತೂತಾಗಿತ್ತು. ಅವಳು ಅದನ್ನು ಕಂಡು, ಕೇಳದೆಯೇ ಕೈಗೆ ತೆ��ೆದುಕೊಂಡು, ತನ್ನಲ್ಲಿದ್ದ ಕೆಂಪು ಉಣ್ಣೆಯಿಂದ ಹೆಣೆದು ಮುಚ್ಚುತ್ತಿದ್ದಳು.

"ಬಿತ್ತೇನಪ್ಪಾ?" ಎಂದು ತಾಯಿಯವರು ಕೇಳಿದರು.

"ಮೊದಲು ಬೀಳಲಿಲ್ಲ. ಹೊರಟಾಗ ಬಿತ್ತು" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಾಗಲಿಲ್ಲ. ಅವರ ಪಕ್ಕದಲ್ಲಿ ಕುಳಿತು ೨೦೧೯ರ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಅವರು ನನ್ನ ಮುಖವನ್ನು ನೋಡಲಿಲ್ಲ. ಕೆಂಪು ಉಣ್ಣೆಯ ದಾರ ಒಳಹೊರಗೆ ಹೋಗುವುದನ್ನೇ ನೋಡುತ್ತಿದ್ದರು. ಮುಗಿದ ಮೇಲೆ, "ನನಗೆ ಗೊತ್ತಿತ್ತು" ಎಂದರು.

"ಗೊತ್ತಿತ್ತೆ?"

"ಆ ತಿಂಗಳಲ್ಲೇ ಹಿಂದಿನ ಬೀದಿಯೋರು ಬದರಿಗೆ ಹೋಗಿ ಬಂದು ಒಂದು ಗಂಗೆ ಗಿಂಡಿ ಕೊಟ್ಟು ಹೋದರು. ನಿಮ್ಮಪ್ಪ ಆಗ ಮನೇಲಿರಲಿಲ್ಲ. ದಾರಿ ಮುಚ್ಚಿಲ್ಲ ಅಂತ ನನಗೆ ಅವತ್ತೇ ತಿಳೀತು. ಗಿಂಡಿ ನೋಡಿದರೆ ಅವರು ಕೇಳ್ತಾರೆ. ಮಗ ಸುಳ್ಳು ಹೇಳಿದ ಅಂತ ಅವರಿಗೆ ಗೊತ್ತಾಗೋದು ಬೇಡ ಅಂತ ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟೆ. ನಿನಗೆ ಸಾಲ ಇತ್ತು, ನನಗೆ ಗೊತ್ತಿತ್ತು. ಆದರೆ ಅವರಿಗೆ ಆಸೆ ಎಷ್ಟಿತ್ತು ಅನ್ನೋದೂ ಗೊತ್ತಿತ್ತಲ್ಲ. ನೀನು ಒಂದು ದಿನ ಸುಳ್ಳು ಹೇಳಿದೆ. ನಾನು ಎರಡು ವರ್ಷ ಆ ಗಿಂಡೀನ ಬಚ್ಚಿಟ್ಟೆ. ಕೊನೆಗೆ ಅವರ ಬಾಯಿಗೆ ನೀನು ಬಿಟ್ಟ ಗಂಗೆ ಅದೇ."

ನನಗೆ ಮಾತು ಹೊರಡಲಿಲ್ಲ. ಆ ಗಿಂಡಿಯ ಬಾಯಿಯನ್ನು ಒಡೆದು, ನಡುಗುವ ಕೈಯಿಂದ ಚಮಚದಲ್ಲಿ ನೀರು ಬಿಟ್ಟವನು ನಾನೇ. ಎಲ್ಲಿಂದ ಬಂದದ್ದೆಂದು ಅಂದು ಕೇಳಿರಲಿಲ್ಲ. ಬದರಿಯ ದಾರಿ ತೆರೆದೇ ಇದೆಯೆಂಬುದಕ್ಕೆ ಸಾಕ್ಷಿಯಾದ ಆ ಒಂದು ಗುಟುಕು ಅವರ ಕೊನೆಯ ಗುಟುಕಾಗಿದ್ದಿತು.

"ಅದಕ್ಕೇ ನಾನು ಮೇಲಕ್ಕೆ ಬರಲಿಲ್ಲ. ಮಂಡಿನೋವು ಒಂದು ನೆಪ" ಎಂದು ತಾಯಿಯವರು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ತೋಳನ್ನು ಮುಟ್ಟಿ ನೋಡಿ, "ಇದೇನು, ಇಷ್ಟು ಒದ್ದೆ! ಬಿಚ್ಚು ಮೊದಲು, ಶೀತ ಆಗುತ್ತೆ" ಎಂದರು. ಆ ಹೆಂಗಸು ಹೆಣಿಗೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಮಫ್ಲರನ್ನು ಕೊಡವಿ ಅವರ ಕೈಗೆ ಕೊಟ್ಟಳು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ತಾಯಿಯವರು ಅದನ್ನು ತಮ್ಮ ತಲೆಗೆ ಸುತ್ತಿಕೊಳ್ಳದೆ ನನ್ನ ಕೊರಳಿಗೆ ಸುತ್ತಿದರು.

ವಾಚಕ ಮಹಾಶಯರಲ್ಲಿ ಕೆಲವರು, ವಿದ್ಯಾವಂತನಾದವನು ಇಂಥ ಮೂಢನಂಬಿಕೆಯನ್ನು ಎತ್ತಿಹಿಡಿಯುತ್ತಿದ್ದಾನೆಂದು ಆಕ್ಷೇಪಿಸಬಹುದು. ಎತ್ತಿಹಿಡಿಯುತ್ತಿಲ್ಲ. ಗಾಳಿ ಬೀಸಿದ ಕಡೆಗೆ ಹನಿ ಹೋಗುತ್ತದೆ. ಕೊಲೆಗಡುಕನೂ ಅಲ್ಲಿ ನೆನೆಯಬಹುದು, ಹಾಲುಮಗುವೂ ಒಣಗಿಯೇ ಬರಬಹುದು. ಆದರೆ ಈ ಮಾತನ್ನು ಹುಟ್ಟಿಸಿದ ಹಿರಿಯರು ಜಲಪಾತವನ್ನು ಕಂಡಷ್ಟೇ ಚೆನ್ನಾಗಿ ಮನುಷ್ಯನನ್ನೂ ಕಂಡಿದ್ದರೆಂದು ನನಗೆ ತೋರುತ್ತದೆ. ಐದು ಕಿಲೋಮೀಟರು ಏರುವ ಪ್ರತಿಯೊಬ್ಬನೂ ಆ ಮಾತನ್ನು ಹೊತ್ತುಕೊಂಡೇ ಏರುತ್ತಾನೆ. ಏರುತ್ತ ತನ್ನ ಲೆಕ್ಕವನ್ನು ತಾನೇ ಬಿಚ್ಚಿ ನೋಡುತ್ತಾನೆ. ಬ್ರಹ್ಮಕಪಾಲದಲ್ಲಿ ಪುರೋಹಿತರು ಹೇಳಿಸಿದ ಮಂತ್ರಗಳಿಂದ ಇಳಿಯದ ಭಾರ, ಮಾಣಾದ ಒಂದು ಜಗಲಿಯ ಮೇಲೆ ಹತ್ತು ಮಾತುಗಳಿಂದ ಸ್ವಲ್ಪ ಇಳಿಯಿತು. ಪೂರ್ತಿಯಾಗಿ ಇಳಿಯಿತೆಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು. ಕೇಳಬೇಕಾದವರು ಕೇಳಿಸಿಕೊಳ್ಳಲು ಇರಲಿಲ್ಲ.

ಆದುದರಿಂದ ಒಂದೇ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಬದರಿಯ ಬಾಗಿಲು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ತೆರೆದು ನವೆಂಬರಿನಲ್ಲಿ ಮುಚ್ಚುತ್ತದೆ. ಮರುವರ್ಷ ಮತ್ತೆ ತೆರೆಯುತ್ತದೆ. ನಿಮ್ಮ ಮನೆಯ ಹಿರಿಯರು ಎಲ್ಲಿಗಾದರೂ ಹೋಗಬೇಕೆಂದು ಕೇಳಿದರೆ, ಅದು ಬದರಿಯೇ ಆಗಲಿ, ಪಕ್ಕದೂರಿನ ತಂಗಿಯ ಮನೆಯೇ ಆಗಲಿ, ಸಾಧ್ಯವಾದರೆ ಕರೆದುಕೊಂಡು ಹೋಗಿ. ಸಾಧ್ಯವಿಲ್ಲದಿದ್ದರೆ, "ಈ ವರ್ಷ ಕೈಯಲ್ಲಿ ದುಡ್ಡಿಲ್ಲ" ಎಂದು ನಿಜವನ್ನೇ ಹೇಳಿ. ಅವರು ಬೇಸರಪಡುವುದಿಲ್ಲ, ಸಾಲದ ಕಂತು ಎಷ್ಟೆಂದು ಕೇಳಿಯಾರು, ಅಷ್ಟೆ.

ಭೌತಶಾಸ್ತ್ರದ ಮಿತ್ರರಿಗೆ ನನ್ನ ಉತ್ತರ ಇದು: ಹನಿ ಬಿದ್ದಿತು, ಸ್ವಾಮಿ. ಗಾಳಿ ತಿರುಗಿದ್ದರಿಂದ ಬಿದ್ದಿತು. ಮೂರು ದಿನ ನೆಗಡಿಯೂ ಇದ್ದಿತು.